ಡಿಕ್ಕಿಯಲ್ಲಿ ಎರಡು ಆಂಪ್ಲಿಫೈಯರ್: ಫ್ಯೂಸ್ ಎಲ್ಲಿದೆ?

ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಒಂದು ಆಂಪ್ಲಿಫೈಯರ್ ಇರುವುದು ಅಪ್ಪನಿಗೆ ಗೊತ್ತು. ಈಗ ನೋಡಿದರೆ ಎರಡು! ಕಾಲೇಜಿಗೆ ಹೋಗುವ ಮಗ ಪಾಕೆಟ್ ಮನಿ ಕೂಡಿಟ್ಟು ಇನ್ನೊಂದನ್ನು ತಂದಿದ್ದಾನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಬಿಡಿಭಾಗಗಳ ಅಂಗಡಿಗಳ ಮುಂದೆ ಇಂಥ ಅಪ್ಪ–ಮಕ್ಕಳ ಜಟಾಪಟಿ ಅಪರೂಪವೇನಲ್ಲ. ‘ಇಷ್ಟೊಂದು ಸದ್ದು ಯಾಕೋ?’ ಎಂದು ಅಪ್ಪ ಗದರುವುದು ಸಹಜ. ಆದರೆ ಅವರು ಮೊದಲು ಕೇಳಬೇಕಾದ್ದು, ‘ಫ್ಯೂಸ್ ಎಲ್ಲಿ ಹಾಕಿದ್ದೀಯ?’ ಎಂದು.

ಕಾರಿನ ಬ್ಯಾಟರಿ ಬರೀ 12 ವೋಲ್ಟ್, ಮುಟ್ಟಿದರೂ ಶಾಕ್ ಹೊಡೆಯದು. ಅಪಾಯ ಇರುವುದು ವೋಲ್ಟಿನಲ್ಲಲ್ಲ, ಆಂಪಿಯರಿನಲ್ಲಿ. ನಿಜವಾಗಿ 300 ವಾಟ್ ಹೊರಹಾಕುವ, ಶೇ 60ರಷ್ಟು ದಕ್ಷತೆಯ ಆಂಪ್ಲಿಫೈಯರ್‌ಗೆ 500 ವಾಟ್ ಉಣಿಸಬೇಕು. ಎಂದರೆ 12.5 ವೋಲ್ಟ್‌ನಲ್ಲಿ 40 ಆಂಪಿಯರ್. ಎರಡಕ್ಕೆ 80! ಮನೆಯ 1000 ವಾಟ್ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೂವರೆ ಆಂಪಿಯರಿಗಿಂತ ಕಡಿಮೆ. ಸಂಗೀತದಲ್ಲಿ ಈ ಗರಿಷ್ಠ ಸದಾ ಇರುವುದಿಲ್ಲ, ನಿಜ. ಆದರೆ ತಂತಿಯನ್ನು ಗರಿಷ್ಠಕ್ಕೇ ಲೆಕ್ಕ ಹಾಕಿ ಎಳೆಯಬೇಕು.

ಬಾನೆಟ್ಟಿನಿಂದ ಡಿಕ್ಕಿಯವರೆಗೆ ಬರುವ ಈ ದಪ್ಪ ತಂತಿ ತಗಡಿನ ರಂಧ್ರದಲ್ಲಿ ದಿನವೂ ಉಜ್ಜಿ ಉಜ್ಜಿ ಹೊದಿಕೆ ಹರಿದುಕೊಂಡಿತೆನ್ನಿ. ಬಾಡಿಗೆ ತಾಗಿದ ಕ್ಷಣ ನೂರಾರು ಆಂಪಿಯರ್ ಹರಿದು ತಂತಿ ಕಾದು ಕೆಂಪಾಗುತ್ತದೆ, ಸೀಟಿನ ಕೆಳಗಿನ ಕಾರ್ಪೆಟ್ಟಿಗೆ ಬೆಂಕಿ ಹತ್ತುತ್ತದೆ. ರಂಧ್ರಕ್ಕೆ ರಬ್ಬರ್ ಬಳೆ ಬೇಕು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಮುಖ್ಯ ಫ್ಯೂಸ್ ಬೇಕು. ಆಂಪ್ಲಿಫೈಯರ್ ಮೇಲೆಯೇ ಫ್ಯೂಸ್ ಇದೆಯಲ್ಲ ಎಂದು ಹುಡುಗರು ವಾದಿಸುತ್ತಾರೆ. ಅದು ತಂತಿಯ ಕೊನೆಯಲ್ಲಿದೆ. ನಡುವೆ ಆಗುವ ಶಾರ್ಟನ್ನು ಅದು ತಡೆಯದು. ಫ್ಯೂಸಿನ ಅಳತೆ ತಂತಿ ತಾಳುವಷ್ಟನ್ನು ಮೀರಬಾರದು. ಡಿಕ್ಕಿಯಲ್ಲಿ ಮುಖ್ಯ ತಂತಿ ಎರಡು ಸಣ್ಣ ತಂತಿಗಳಾಗಿ ಕವಲೊಡೆಯುವಲ್ಲಿ ಪ್ರತಿ ಕವಲಿಗೂ ಅದರದೇ ಫ್ಯೂಸ್ ಇರಬೇಕು. ಅಗ್ಗದ ತಂತಿ ಕೊಳ್ಳುವಾಗಲೂ ಎಚ್ಚರ: ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವುದುಂಟು. ಅದೇ ದಪ್ಪದ ತಾಮ್ರ ಹೊರುವಷ್ಟನ್ನು ಅದು ಹೊರಲಾರದು.

ನೆಗೆಟಿವ್ ತಂತಿಯೂ ಪಾಸಿಟಿವ್‌ನಷ್ಟೇ ದಪ್ಪವಿರಲಿ. ಬಾಡಿಯ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಎರಡೂ ಆಂಪ್ಲಿಫೈಯರ್‌ಗಳನ್ನು ಒಂದೇ ಜಾಗದಲ್ಲಿ ಬಿಗಿಯುವುದು ಒಳ್ಳೆಯದು. ಬೇರೆ ಬೇರೆ ಕಡೆ ಬಿಗಿದರೆ ಎಂಜಿನ್ ಏರಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು. ಸ್ಟೀರಿಯೋದಿಂದ ಬರುವ ಸಣ್ಣ ರಿಮೋಟ್ ತಂತಿ ಆಂಪ್ಲಿಫೈಯರ್‌ಗೆ ‘ಏಳು’ ಎನ್ನುವುದಕ್ಕಷ್ಟೇ. ಎರಡು ಮೂರು ಆಂಪ್ಲಿಫೈಯರ್‌ಗಳ ಭಾರ ಅದಕ್ಕೆ ಹೆಚ್ಚಾಗುವಂತಿದ್ದರೆ ನಡುವೆ ರಿಲೇ ಹಾಕಬೇಕು.

ಹುಡುಗರು ಎಡವುವುದು ಸ್ಪೀಕರ್ ಕಡೆ. ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್ ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ ಶಕ್ತಿ ಕೂಡುವುದಿಲ್ಲ. ಒಂದರ ಕರೆಂಟ್ ಇನ್ನೊಂದರೊಳಗೆ ನುಗ್ಗಿ ಎರಡೂ ಸುಡುತ್ತವೆ. ಹಾಗೆ ಜೋಡಿಸಲೆಂದೇ ತಯಾರಾದ ಮಾದರಿಗಳ ಮಾತು ಬೇರೆ. ಎರಡು ಸುರುಳಿಗಳ ಸಬ್‌ವೂಫರ್ ಆದರೆ ಸುರುಳಿಗೊಂದು ಆಂಪ್ಲಿಫೈಯರ್ ಕೊಡಬಹುದು, ಎರಡರ ಗೇನ್ ಸಮ ಇರಬೇಕು. ಎರಡು 4 ಓಮ್ ಸ್ಪೀಕರ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ 2 ಓಮ್ ಆಗುತ್ತದೆಂಬುದು ಪಠ್ಯಪುಸ್ತಕದಲ್ಲೇ ಇದೆ. ಅದನ್ನು ತಾಳುವಂಥದ್ದೇ ಎಂದು ಆಂಪ್ಲಿಫೈಯರಿನ ಕೈಪಿಡಿ ನೋಡಬೇಕು.

ಇಷ್ಟೆಲ್ಲ ಮಾಡಿ ವಾಟ್ ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ದುಪ್ಪಟ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು! ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಬೇಕು. ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಅರ್ಧ ಗಂಟೆ ಹಾಡು ಹಾಕಿ, ನಂತರ ಎಲ್ಲ ಆಫ್ ಮಾಡಿ, ಫ್ಯೂಸ್ ಮತ್ತು ಜೋಡಣೆಗಳ ಬಳಿ ಕೈಯಿಟ್ಟು ನೋಡಬೇಕು. ಎಲ್ಲಿ ಬಿಸಿ ತಟ್ಟುತ್ತದೋ ಅಲ್ಲಿ ಸ್ಕ್ರೂ ಸಡಿಲವಾಗಿರಬಹುದು, ಇಲ್ಲವೇ ತಂತಿ ಸಣ್ಣದಾಗಿರಬಹುದು.