ಮಸೂರವನ್ನು ಉಬ್ಬಿಸುವವರು ಯಾರು?

ಜೀವನ್ ಬಿಮಾ ನಗರದ ಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ‘ಕಣ್ಣಿನ ಹೊಂದಾಣಿಕೆ’ ನನ್ನ ಅಭ್ಯಾಸ ಬೋಧನೆಯ ಪಾಠ. “ಹತ್ತಿರ ನೋಡುವಾಗ ಸಿಲಿಯರಿ ಸ್ನಾಯು ಮಸೂರವನ್ನು ಹಿಂಡುತ್ತದೆ, ಅದು ದಪ್ಪವಾಗುತ್ತದೆ” ಎಂದು ಹೇಳಿ ಮುಂದೆ ಹೋದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ನಮ್ಮಪ್ಪಂಗೆ ಚಾಳೀಸು ಬಂದಿದೆ. ಅವರ ಸ್ನಾಯು ಸೋತಿದೆಯಾ?” ಎಂದು ಕೇಳಿದಳು. ಹೌದು ಎಂದುಬಿಟ್ಟೆ. ನನ್ನ ಎರಡು ಮಾತೂ ತಪ್ಪಾಗಿದ್ದವು.

ಸಿಲಿಯರಿ ಸ್ನಾಯು ಮಸೂರದ ಸುತ್ತ ಬಳೆಯಂತಿದೆ. ಬಳೆಗೂ ಮಸೂರಕ್ಕೂ ನಡುವೆ ಸೂಕ್ಷ್ಮ ತಂತುಗಳಿವೆ. ದೂರ ನೋಡುವಾಗ ಸ್ನಾಯು ಸಡಿಲ, ಬಳೆ ದೊಡ್ಡದು; ತಂತುಗಳು ಬಿಗಿದು ಮಸೂರವನ್ನು ತೆಳ್ಳಗೆ ಎಳೆದಿಡುತ್ತವೆ. ಹತ್ತಿರ ನೋಡುವಾಗ ಸ್ನಾಯು ಸಂಕುಚಿಸಿ ಬಳೆ ಕಿರಿದಾಗುತ್ತದೆ, ತಂತುಗಳು ಸಡಿಲವಾಗುತ್ತವೆ, ಮಸೂರ ತನ್ನದೇ ಸ್ಥಿತಿಸ್ಥಾಪಕತೆಯಿಂದ ಉಬ್ಬಿಕೊಳ್ಳುತ್ತದೆ. ವಯಸ್ಸಾದಂತೆ ಈ ಮಸೂರವೇ ಗಡುಸಾಗುತ್ತದೆ. ಚಾಳೀಸಿಗೆ ಮುಖ್ಯ ಕಾರಣ ಅದು. ಎಂಟು ಮಕ್ಕಳನ್ನು ವೃತ್ತದಲ್ಲಿ ನಿಲ್ಲಿಸಿ, ನಡುವಿನ ರಬ್ಬರ್ ಉಂಗುರಕ್ಕೆ ಕಟ್ಟಿದ ದಾರಗಳನ್ನು ಕೈಗೆ ಕೊಟ್ಟು, ಒಂದು ಹೆಜ್ಜೆ ಒಳಗೆ ಬನ್ನಿ ಎಂದರೆ ಸಾಕು, ವಿಷಯ ತಿಳಿಯುತ್ತದೆ. (ಮೀನಿನ ಕಣ್ಣಿನ ದಾರಿ ಬೇರೆ: ಬಂಗುಡೆಯ ಮಸೂರ ಆಕಾರ ಬದಲಿಸದೆ ಹಿಂದೆ ಮುಂದೆ ಸರಿಯುತ್ತದೆ. ಮೊಬೈಲ್ ಕ್ಯಾಮೆರಾದಲ್ಲೂ ಸಾಮಾನ್ಯವಾಗಿ ಪುಟ್ಟ ಸುರುಳಿ ಮತ್ತು ಅಯಸ್ಕಾಂತ ಮಸೂರವನ್ನು ಸರಿಸುತ್ತವೆ.)

ಮರುದಿನ ಮೆಡಿಕಲ್ ಅಂಗಡಿಯಿಂದ ಸಿರಿಂಜು, ತೆಳು ನಳಿಕೆ ತಂದೆ. 4 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪಿನ ಗಿಡ್ಡ ತುಂಡಿನ ಅಡಿಗೆ ಗಾಜು ಅಂಟಿಸಿ, ಮೇಲೆ ಹಿಗ್ಗುವ ಪಾರದರ್ಶಕ ಹಾಳೆ ಬಿಗಿದು, ಪಕ್ಕದ ತೂತಿಗೆ ನಳಿಕೆ ಸೇರಿಸಿ, ಒಳಗೆ ನೀರು ತುಂಬಿದೆ. ಹಾಳೆ ಚಪ್ಪಟೆಯಾಗಿದ್ದಾಗ ಅಕ್ಷರ ದೊಡ್ಡದಾಗುವುದಿಲ್ಲ. ಇನ್ನೂ ಸುಮಾರು 1.25 ಮಿ.ಲೀ. ನೀರು ತಳ್ಳಿದರೆ ಹಾಳೆ ನಡುವೆ 2 ಮಿ.ಮೀ. ಉಬ್ಬುತ್ತದೆ; ವಕ್ರತಾ ತ್ರಿಜ್ಯ 10 ಸೆಂ.ಮೀ., ಸಂಗಮ ದೂರ ಸುಮಾರು 30 ಸೆಂ.ಮೀ. ಅದರ ಎರಡರಷ್ಟು ತಳ್ಳಿದರೆ ಸಂಗಮ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನೀರು ಹಿಂದಕ್ಕೆಳೆದರೆ ಹಾಳೆ ಒಳಬಾಗಿ ನಿಮ್ನ ಮಸೂರ! ಈ ಲೆಕ್ಕವನ್ನು ಮಕ್ಕಳೇ ಮಾಡಬಲ್ಲರು. ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಹಾಳೆ ಸರಿಯಾದ ಗೋಳವಾಗಿ ಉಬ್ಬಿದೆಯೇ ಎಂದು ಕೇಳಿ.

ಅದೇ ಹುಡುಗಿ ಸಿರಿಂಜು ಒತ್ತಿ ನೋಡಿ, “ಇದನ್ನೇ ಕನ್ನಡಕಕ್ಕೆ ಹಾಕಿದ್ರೆ?” ಎಂದಳು. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಜೋಶುವಾ ಸಿಲ್ವರ್ ಮಾಡಿದ್ದು ಅದನ್ನೇ: ಪೊರೆಗಳ ನಡುವೆ ಸಿಲಿಕೋನ್ ಎಣ್ಣೆ, ಕನ್ನಡಕದ ಕಡ್ಡಿಗಳಲ್ಲಿ ಪುಟ್ಟ ಸಿರಿಂಜು. ಹಾಕಿಕೊಂಡವರೇ ತಿರುಗಿಸಿ ಹೊಂದಿಸಿಕೊಂಡ ಮೇಲೆ ಸಿರಿಂಜನ್ನು ತೆಗೆದುಹಾಕಬಹುದು. ದ್ರವವೇ ಇಲ್ಲದ ಉಪಾಯವೂ ಇದೆ. 1968ರ ನೊಬೆಲ್ ಪಡೆದ ಲೂಯಿಸ್ ಆಲ್ವಾರೆಜ್, ವಿಶೇಷವಾಗಿ ಅಲೆಯಂತೆ ಕಡೆದ ಎರಡು ತಟ್ಟೆಗಳನ್ನು ಒಂದರ ಮೇಲೊಂದು ಅಡ್ಡಕ್ಕೆ ಜಾರಿಸಿ ಶಕ್ತಿ ಬದಲಿಸುವ ಮಸೂರವನ್ನು ರೂಪಿಸಿದರು. ಕೆಲವು ಕ್ಯಾಮೆರಾಗಳಲ್ಲಿ ಎಣ್ಣೆ ಮತ್ತು ನೀರು ಸೇರುವ ಮೇಲ್ಮೈಯನ್ನು ವಿದ್ಯುತ್ ವಿಭವದಿಂದಲೇ ಬಾಗಿಸುತ್ತಾರೆ; ಚಲಿಸುವ ಯಂತ್ರಭಾಗ ಒಂದೂ ಇಲ್ಲ.

ಆದರೆ ನಮ್ಮ ಸಿರಿಂಜು ಮಸೂರವನ್ನೇ ತಳ್ಳುತ್ತದೆ, ಸಿಲಿಯರಿ ಸ್ನಾಯು ಹಾಗೆ ತಳ್ಳುವುದಿಲ್ಲ. ದಾರದ ಆಟವನ್ನು ಮೊದಲು ಮಾಡಿಸದಿದ್ದರೆ ನನ್ನ ಹಳೆಯ ತಪ್ಪೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ಇನ್ನೊಂದು, ನೀರು ತುಂಬುವಾಗ ಗುಳ್ಳೆಗಳನ್ನು ಪೂರ್ತಿ ಹೊರಡಿಸಿ. ಮೊದಲ ಸಲ ಒಂದು ಗುಳ್ಳೆ ಸರಿಯಾಗಿ ನಡುವೆ ನಿಂತು, ಇಡೀ ತರಗತಿ ಅದನ್ನೇ ಕಣ್ಣಿನ ಪಾಪೆ ಎಂದುಕೊಂಡಿತ್ತು.