ಅಂಬಾಸಡರೂ ಪದ್ಮಿನಿಯೂ

ಸ್ವಾತಂತ್ರ್ಯಾನಂತರ ಕೆಲವು ದಶಕಗಳ ಕಾಲ ಕಾರು ಕೊಳ್ಳಬಯಸಿದ ಭಾರತೀಯ ಗೃಹಸ್ಥನೆದುರು ಮುಖ್ಯವಾಗಿ ಇದ್ದುದು ಎರಡೇ ಹೆಸರು: ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ತಯಾರಿಸುತ್ತಿದ್ದ ಅಂಬಾಸಡರ್, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸುತ್ತಿದ್ದ ಫಿಯೆಟ್. ಮೊದಲನೆಯದು ಆಂಗ್ಲರ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಶ್ರೇಣಿಯಿಂದ ಜನಿಸಿದುದು. ಎರಡನೆಯದು ಇಟಲಿಯ ಫಿಯೆಟ್ 1100ರ ಸಂತತಿ, 1964ರಲ್ಲಿ ಡಿಲೈಟ್ ಎನಿಸಿಕೊಂಡು, ಅನಂತರ ಪ್ರೆಸಿಡೆಂಟ್ ಎನಿಸಿ, 1974ರಲ್ಲಿ ಚಿತ್ತೋಡದ ರಾಣಿಯ ಹೆಸರನ್ನು ಧರಿಸಿ ಪದ್ಮಿನಿಯಾಯಿತು. ಪ್ರೀಮಿಯರ್ ಸಂಸ್ಥೆಯ ಸ್ಥಾಪಕರಾದ ವಾಲಚಂದ್ ಹೀರಾಚಂದರು ಕನ್ನಡಿಗರಿಗೆ ಅಪರಿಚಿತರಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಅಸ್ತಿಭಾರ ಹಾಕಿದವರೂ ಅವರೇ. ಈ ದೇಶದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿತವಾಗಬೇಕೆಂದು ಹಂಬಲಿಸಿ 1930ರ ದಶಕದಲ್ಲಿಯೇ ಯೋಜನೆಯನ್ನು ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಅಂಬಾಸಡರ್‌ನ ಪ್ರಸಿದ್ಧ ಪೆಟ್ರೋಲ್ ಎಂಜಿನ್ನಿನ ಗಾತ್ರ 1489 ಸಿ.ಸಿ., ಬಲ ಸುಮಾರು 50 ಅಶ್ವಶಕ್ತಿ. ಪದ್ಮಿನಿಯದು 1089 ಸಿ.ಸಿ., ಸುಮಾರು 40 ಅಶ್ವಶಕ್ತಿ. ಇಷ್ಟನ್ನೇ ನೋಡಿದವನು ಮೊದಲನೆಯದೇ ಬಲಶಾಲಿಯೆಂದು ತೀರ್ಮಾನಿಸುವುದು ಸಹಜ. ಆದರೆ ಪದ್ಮಿನಿಯ ತೂಕ 900 ಕಿಲೋಗಿಂತ ತುಸು ಕಡಿಮೆ, ಅಂಬಾಸಡರ್‌ನದು 1100 ಮೀರಿದುದು. ಭಾರವನ್ನು ಬಲದಿಂದ ತೂಗಿ ನೋಡಿದರೆ ಎರಡರಲ್ಲಿಯೂ ಟನ್ನಿಗೆ ಸರಿಸುಮಾರು 45 ಅಶ್ವಶಕ್ತಿಯೇ ದೊರೆಯುತ್ತದೆ. ಹಾಗಿದ್ದೂ ಎರಡನ್ನೂ ನಡೆಸಿದವರು ಅವುಗಳ ಸ್ವಭಾವ ಬೇರೆಬೇರೆಯೆಂದು ಒಂದೇ ಕಂಠದಿಂದ ಹೇಳುವುದಕ್ಕೆ ಕಾರಣವನ್ನು ಸಿಲಿಂಡರಿನ ಒಳಗೆ ಹುಡುಕಬೇಕು. ಅಂಬಾಸಡರ್‌ನ ಸಿಲಿಂಡರಿನ ವ್ಯಾಸ 73 ಮಿ.ಮೀ. ಆದರೆ ಪಿಸ್ಟನ್ನು ಏರಿ ಇಳಿಯುವ ದೂರ 89 ಮಿ.ಮೀ.; ಫಿಯೆಟ್ಟಿನಲ್ಲಿ ಈ ಅಳತೆಗಳು 68 ಮತ್ತು 75. ಎಂಜಿನ್ನಿನ ಗಾತ್ರವೂ ಪಿಸ್ಟನ್ನಿನ ದೀರ್ಘಗತಿಯೂ ಕೂಡಿದುದರಿಂದ ಅಂಬಾಸಡರ್ ಮಂದಗತಿಯಲ್ಲಿಯೇ ಭಾರವನ್ನೆಳೆಯಬಲ್ಲುದು. ಆರೇಳು ಮಂದಿಯನ್ನು ತುಂಬಿಕೊಂಡು ಮೇಲೆ ಟ್ರಂಕುಗಳನ್ನು ಹೇರಿಕೊಂಡು ಘಟ್ಟವನ್ನೇರುವಾಗ ಚಾಲಕನು ಪದೇಪದೇ ಗೇರು ಬದಲಾಯಿಸಬೇಕಾಗಿಲ್ಲ. ಫಿಯೆಟ್ಟಿನ ಎಂಜಿನ್ನು ಹೆಚ್ಚು ಸುತ್ತುಗಳಲ್ಲಿ ಉತ್ಸಾಹಗೊಳ್ಳುವಂಥದು, ಗೇರಿನ ಸಹಾಯವನ್ನು ಬಯಸುವಂಥದು.

ದೇಹದ ಅಳತೆಯೂ ಇದಕ್ಕೆ ಅನುಗುಣವಾಗಿಯೇ ಇದೆ. ಅಂಬಾಸಡರ್‌ನ ಉದ್ದ 4.3 ಮೀಟರು, ಪದ್ಮಿನಿಯದು 3.9, ಮುಂಬಯಿಯ ಇಕ್ಕಟ್ಟಿನ ಬೀದಿಗಳಲ್ಲಿ ಕಪ್ಪು–ಹಳದಿ ಟ್ಯಾಕ್ಸಿಯಾಗಿ ಪದ್ಮಿನಿಯು ದಶಕಗಳ ಕಾಲ ಮೆರೆದುದರಲ್ಲಿ ಆಶ್ಚರ್ಯವಿಲ್ಲ. ಹಿಂದಿನ ಚಕ್ರಗಳಿಗೆ ಎರಡರಲ್ಲಿಯೂ ಪಟ್ಟಿ ಸ್ಪ್ರಿಂಗೇ. ಮುಂದೆ ಫಿಯೆಟ್ಟಿಗೆ ಸುರುಳಿ ಸ್ಪ್ರಿಂಗು, ಅಂಬಾಸಡರ್‌ಗೆ ತಿರುಚಿಕೊಂಡು ಆಘಾತವನ್ನು ತಾಳಿಕೊಳ್ಳುವ ಉಕ್ಕಿನ ಸರಳು. ಗುಂಡಿ ಬಿದ್ದ ಹಾದಿಯಲ್ಲಿ ಹಿಂದಿನ ಆಸನದಲ್ಲಿ ಕುಳಿತು ಹೋಗುವವನಿಗೆ ಅಂಬಾಸಡರ್‌ನಂಥ ವಾಹನವಿಲ್ಲ. ಸ್ಟೀರಿಂಗ್ ಹಿಡಿಯುವವನ ಆನಂದಕ್ಕೆ ಮಾತ್ರ ನಾನು ನಿಸ್ಸಂದೇಹವಾಗಿ ಪದ್ಮಿನಿಯನ್ನೇ ಆರಿಸುವೆನು.

ತೊಂಬತ್ತರ ದಶಕದಲ್ಲಿ ಅಂಬಾಸಡರ್‌ಗೆ 1.8 ಲೀಟರಿನ ಇಸುಜು ಎಂಜಿನ್ನೂ ಐದು ಗೇರುಗಳೂ ಬಂದವು. ವೇಗದ ಮಟ್ಟಿಗೆ ಪದ್ಮಿನಿ ಬಹಳ ಹಿಂದೆ ಉಳಿಯಿತು. ಆದರೆ ಅಷ್ಟರೊಳಗೆ 1983ರಲ್ಲಿ ಬಂದ ಮಾರುತಿಯು ಎರಡರ ಮಾರುಕಟ್ಟೆಯನ್ನೂ ಕಬಳಿಸಿತ್ತು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಕೆಲಸ ನಿಲ್ಲಿಸಿತು. ಈಗ ಹಳೆಯ ಅಂಬಾಸಡರ್‌ಗಳನ್ನು ಜೀರ್ಣೋದ್ಧಾರ ಮಾಡಿಸುತ್ತಿರುವವರು ಹೆಚ್ಚಿನ ವೇಗದ ಆಸೆಯಿಂದ ಬೇರೆ ಎಂಜಿನ್ನನ್ನು ಕೂಡಿಸದೆ, ಆ 1489 ಸಿ.ಸಿ.ಯ ಮೂಲ ಯಂತ್ರವನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಪ್ರಾರ್ಥನೆ.