ನಸುಕಿನ ಶ್ರೋತೃಗಳು

ಲಾಸ್ ಏಂಜಲೀಸ್ ಎಂದೊಡನೆ ನಮ್ಮಲ್ಲಿ ಹಲವರಿಗೆ ಹಾಲಿವುಡ್ಡಿನ ನೆನಪಾಗುವುದು ಸಹಜ. ಆ ನಗರದ ಬಾನುಲಿಯವರನ್ನು 1993ರ ಜನವರಿಯಲ್ಲಿ ಬೆರಗುಗೊಳಿಸಿದ ಸಂಗತಿಯೊಂದನ್ನು ಈ ದಿನ ವಿಚಾರಮಾಡೋಣ. ಹಿಂದಿನ ಶರತ್ಕಾಲದ ಶ್ರೋತೃಗಣತಿ ಪ್ರಕಟವಾದಾಗ, ಕೆಎಲ್‌ಎಎಕ್ಸ್ ಎಂಬ ಸ್ಪ್ಯಾನಿಷ್ ನಿಲಯವು ಇಂಗ್ಲಿಷ್ ನಿಲಯಗಳೆಲ್ಲವನ್ನೂ ಹಿಂದಿಕ್ಕಿ ಅಗ್ರಸ್ಥಾನಕ್ಕೆ ಏರಿದ್ದಿತು. ಅದು ಹಳೆಯ ಹೆಸರನ್ನೂ ಹಳೆಯ ಹಾಡುಗಳನ್ನೂ ತೊರೆದು ಹೊಸದಾಗಿ ಹೊರಟದ್ದು 1992ರ ಆಗಸ್ಟಿನಲ್ಲಿ. ಅರ್ಧ ವರ್ಷವೂ ತುಂಬಿರಲಿಲ್ಲ.

ಅದು ಬಿತ್ತರಿಸುತ್ತಿದ್ದುದು ಮೆಕ್ಸಿಕೊದ ಪ್ರಾಂತೀಯ ಸಂಗೀತ. ಈ ಒಂದು ಹೆಸರಿನ ಕೆಳಗೆ ಹಲವು ಸೀಮೆಗಳ ಧಾಟಿಗಳು ಸೇರಿವೆ. ಹಳ್ಳಿಗಾಡಿನ ಬಾಳನ್ನೂ ವಿರಹವನ್ನೂ ಹಾಡುವ ರಾಂಚೇರಾ ಒಂದು. ಅಕಾರ್ಡಿಯನ್ನನ್ನೂ ಹನ್ನೆರಡು ತಂತಿಗಳ ಬಾಹೊ ಸೆಕ್ಸ್ಟೊ ವಾದ್ಯವನ್ನೂ ನೆಮ್ಮಿದ, ಉತ್ತರ ಸೀಮೆಯ ನೊರ್ತೆನ್ಯೊ ಇನ್ನೊಂದು. ಕ್ಲಾರಿನೆಟ್ಟು, ತುತ್ತೂರಿ, ದೊಡ್ಡ ಡೋಲುಗಳು ಕೂಡಿ ಮೊಳಗುವ ಸಿನಲೋವಾ ಪ್ರಾಂತದ ಬಾಂದಾ ಮತ್ತೊಂದು. ಬಾಂದಾ ಮೇಳಕ್ಕೆ ವಿದ್ಯುತ್ ವಾದ್ಯಗಳನ್ನು ಸೇರಿಸಿದ ಬಾಂದಾ ಮಾಚೋಸ್ ಮೊದಲಾದವರ ಹಾಡುಗಳಿಗೆ ಲಾಸ್ ಏಂಜಲೀಸಿನ ತರುಣರು ಟೋಪಿ ಬೂಟು ತೊಟ್ಟು ಕೆಬ್ರಾದಿತಾ ಎಂಬ ನೃತ್ಯವನ್ನು ಕುಣಿಯತೊಡಗಿದರು. ಓದುಬಲ್ಲ ಮೆಕ್ಸಿಕನರೇ ಇದನ್ನು ಹಳ್ಳಿಗರ ಗದ್ದಲವೆಂದು ಮೂಗುಮುರಿಯುತ್ತಿದ್ದುದುಂಟು. ವಿದ್ಯಾವಂತರ ಈ ರೋಗದಿಂದ ನಾವೂ ಪಾರಾದವರಲ್ಲ.

ಇಷ್ಟು ಮಂದಿ ಶ್ರೋತೃಗಳು ಒಂದೇ ಋತುವಿನಲ್ಲಿ ಎಲ್ಲಿಂದ ಬಂದರು? ಅವರು ಮೊದಲಿನಿಂದಲೂ ಅಲ್ಲಿಯೇ ಇದ್ದರು. ಪೆದ್ರೊ ಗೊನ್ಸಾಲೆಸ್ ಎಂಬುವರು ಮೆಕ್ಸಿಕೊದ ಕ್ರಾಂತಿಯಲ್ಲಿ ಪಾಂಚೊ ವಿಯಾನ ಪಡೆಗೆ ತಂತಿವರ್ತಮಾನ ಕಳುಹಿಸುತ್ತಿದ್ದವರು. ಬಳಿಕ ಲಾಸ್ ಏಂಜಲೀಸಿನ ಬಂದರಿನಲ್ಲಿ ಕೂಲಿಮಾಡಿದವರು. 1920ರ ದಶಕದ ಕೊನೆಯ ಭಾಗದಿಂದ ಅವರು ಬೆಳಗಿನ ಜಾವ ನಾಲ್ಕು ಗಂಟೆಗೆ ಬಾನುಲಿಯಲ್ಲಿ ಹಾಡತೊಡಗಿದರು. ನಿಲಯಗಳ ಪಾಲಿಗೆ ಅದು ಅಗ್ಗದ ಹೊತ್ತು; ಹೊಲಕ್ಕೂ ಕಾರ್ಖಾನೆಗೂ ಹೊರಡುವವರ ಪಾಲಿಗೆ ಎಚ್ಚರದ ಹೊತ್ತು. ಅವರ ಮೇಳದ ಹೆಸರು ಲೋಸ್ ಮಾದ್ರುಗಾದೋರೆಸ್, ಎಂದರೆ ನಸುಕಿನಲ್ಲಿ ಏಳುವವರು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಸರ್ಕಾರದವರು ಮೆಕ್ಸಿಕನರನ್ನು ಗುಂಪುಗುಂಪಾಗಿ ಗಡಿಯಾಚೆಗೆ ಸಾಗಿಸಿದಾಗ ಗೊನ್ಸಾಲೆಸ್ ಅದನ್ನು ಬಾನುಲಿಯಲ್ಲಿಯೇ ಖಂಡಿಸಿದರು. 1934ರಲ್ಲಿ ಅತ್ಯಾಚಾರದ ಆರೋಪ ಹೊರಿಸಿ ಅವರನ್ನು ಸೆರೆಗೆ ಕಳುಹಿಸಲಾಯಿತು. ದೂರಿತ್ತ ಹುಡುಗಿಯೇ ಅದು ಸುಳ್ಳೆಂದು ಒಪ್ಪಿಕೊಂಡರೂ ಬಿಡುಗಡೆ ದೊರೆಯಲಿಲ್ಲ. 1940ರಲ್ಲಿ ಅವರನ್ನು ಬಿಟ್ಟು ಮೆಕ್ಸಿಕೊಗೆ ಗಡೀಪಾರು ಮಾಡಿದರು.

ಆ ಕೂಲಿಗಾರರ ಮೊಮ್ಮಕ್ಕಳೂ ಅವರ ಹಿಂದೆ ವಲಸೆ ಬಂದವರೂ ಸೇರಿಯೇ 1992ರಲ್ಲಿ ಕೆಎಲ್‌ಎಎಕ್ಸನ್ನು ಮೇಲೆತ್ತಿದರು. ಅದರ ಬೆಳಗಿನ ಕಾರ್ಯಕ್ರಮದ ನಿರೂಪಕರಾದ ಹುವಾನ್ ಕಾರ್ಲೋಸ್ ಇದಾಲ್ಗೊ ಸಹ ಮೆಕ್ಸಿಕೊದಿಂದ ಬಂದವರೇ. ಗೆಲುವಿನ ಬಳಿಕವೂ ಜಾಹೀರಾತುದಾರರು ಸ್ಪ್ಯಾನಿಷ್ ನಿಲಯಗಳಿಗೆ ಶ್ರೋತೃಗಳ ಸಂಖ್ಯೆಗೆ ತಕ್ಕ ಹಣವನ್ನು ಕೊಡಲು ಬಹುಕಾಲ ಹಿಂದೆಗೆದರೆಂಬುದನ್ನು ಇಲ್ಲಿ ಹೇಳಲೇಬೇಕು.

ಗೊನ್ಸಾಲೆಸ್ ಮುಪ್ಪಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಮರಳಿದರು. 1995ರಲ್ಲಿ, ತಮ್ಮ 99ನೆಯ ವಯಸ್ಸಿನಲ್ಲಿ ತೀರಿಕೊಂಡರು.